ಹಕ್ಕಿ ಗೂಡು ಕಟ್ಟಿದ ಮರವೂ ಮರದ ಒಡೆಯನ ಬೇಸಾಯವೂ
(ಭೂಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪ್ರಾಣಿಪಕ್ಷಿಗಳ ರಕ್ಷಣೆಗೆಂದು ಸರ್ಕಾರದವರು ಒಂದು ಪ್ರದೇಶವನ್ನು ಮೀಸಲಿಟ್ಟರೆಂದು ಕೇಳಿದೊಡನೆ ರೈತರ ಮನಸ್ಸಿನಲ್ಲಿ ಮೊದಲು ಏಳುವ ಶಂಕೆಯು ತಮ್ಮ ಭೂಮಿ ಕೈಬಿಟ್ಟು ಹೋಗುವುದೋ ಎಂಬುದು. ಈ ಶಂಕೆಯು ನಿರಾಧಾರವಾದುದೆಂದು ನಾನು ಹೇಳುವವನಲ್ಲ. ಆದರೆ ಎಲ್ಲ ಮೀಸಲು ಪ್ರದೇಶಗಳೂ ಒಂದೇ ಬಗೆಯವಲ್ಲ. 1940ರಲ್ಲಿ ಮೈಸೂರು ಸಂಸ್ಥಾನದವರು ರಂಗನತಿಟ್ಟನ್ನು ಪಕ್ಷಿಧಾಮವಾಗಿ ಮಾಡಿದರು. ಅಲ್ಲಿ ಹಕ್ಕಿಗಳು ನೆಲಸಿರುವುದು ಕಾವೇರಿಯ ನಡುಗಡ್ಡೆಗಳಲ್ಲಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಸ್ಥಿತಿಯಾದರೋ ಬೇರೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ರೈತನ ಹಿತ್ತಿಲಿನ ಹುಣಿಸೆಯ ಮರದಲ್ಲಿ, ಬೀದಿಯ ಅರಳಿಯಲ್ಲಿ, ಹೊಲದ ಬದುವಿನ ಅತ್ತಿಯಲ್ಲಿ. ಮರಕ್ಕೆ ಒಡೆಯನುಂಟು, ಫಸಲುಂಟು, ಕಂದಾಯದ ನೆಲವೂ ಉಂಟು. ಇಂತಹ ಕಡೆ ಹಕ್ಕಿಯು ಉಳಿಯುವುದು ಒಡೆಯನ ಬೇಸಾಯ ಉಳಿದರೆ ಮಾತ್ರ ಎಂಬುದೇ ನಾನು ಈ ದಿನ ಹೇಳಬೇಕಾದ ವಿಷಯ.

ಈ ಗ್ರಾಮವು ಹಿಂದೆ ಶಿಂಷಾ ನದಿಯ ದಡದಲ್ಲಿತ್ತೆಂದೂ, ಸುಮಾರು 1916ರಲ್ಲಿ ಪ್ಲೇಗಿನ ಉಪದ್ರವದಿಂದ ಜನರು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದುವೆಂದೂ ಊರಿನವರು ಹೇಳುತ್ತಾರೆ. ಬಣ್ಣದ ಕೊಕ್ಕರೆಯನ್ನೂ ಹೆಜ್ಜಾರ್ಲೆಯನ್ನೂ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುವುದು ಅಲ್ಲಿನ ವಾಡಿಕೆ. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು ಈ ಊರಿನ ವಿಷಯವನ್ನು ಹೊರಗಿನವರಿಗೆ ತಿಳಿಯಪಡಿಸಿದರು. ಅದಕ್ಕೂ ಬಹುಕಾಲದ ಹಿಂದಿನಿಂದ ಹಕ್ಕಿಗಳನ್ನು ಕಾಪಾಡಿದವರು ಯಾವ ಇಲಾಖೆಯವರೂ ಅಲ್ಲ, ಆ ಊರಿನ ಒಕ್ಕಲುಗಳೇ.

ಆದರೆ ಪ್ರೀತಿಯೊಂದರಿಂದಲೇ ಸಂಸಾರ ಸಾಗುವುದಿಲ್ಲ. ಹಕ್ಕಿಗಳು ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಹುಣಿಸೆಯ ಹಣ್ಣು ಮಾಗುವುದೂ ಆ ತಿಂಗಳುಗಳಲ್ಲಿಯೇ. ಗೂಡಿನಲ್ಲಿ ಮೊಟ್ಟೆಮರಿಗಳಿರುವಾಗ ಮರ ಹತ್ತಿ ಕೊಂಬೆ ಬಡಿದು ಹಣ್ಣು ಉದುರಿಸುವಂತಿಲ್ಲ. ಮರಿಗಳು ಹಾರುವವರೆಗೆ ಕಾದರೆ ಹಣ್ಣು ಕೆಡುವುದು, ಉದುರಿದುದೂ ಹಿಕ್ಕೆಯಿಂದ ಹೊಲಸಾಗುವುದು. ಅಲ್ಲದೆ ಹಿಕ್ಕೆ ಬಿದ್ದ ಎಲೆಗಳು ಸುಟ್ಟಂತಾಗಿ ಕೊಂಬೆಗಳು ಒಣಗುವುದುಂಟು. ಕೆಳಗೆ ಮನೆಯಿದ್ದರೆ ನಾತವನ್ನೂ ಸಹಿಸಬೇಕು. ಇಷ್ಟರ ಮೇಲೆ ಸೌದೆಯ ವ್ಯಾಪಾರಿಯು ಕೈಯಲ್ಲಿ ರೊಕ್ಕ ಹಿಡಿದು ಬಾಗಿಲಿಗೆ ಬಂದನೆಂದರೆ, ಮಗಳ ಮದುವೆಯ ಸಾಲವಿರುವ ಒಡೆಯನು ಏನು ಮಾಡಿಯಾನು? ಒಂದು ಹಗಲಿನಲ್ಲಿ ಬಿದ್ದ ಮರವನ್ನು ಮರಳಿ ಪಡೆಯಲು ಒಂದು ತಲೆಮಾರು ಬೇಕು.

ಆದುದರಿಂದ ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯವರು ಹಣ ಕೊಡುವ ಏರ್ಪಾಡು ಅಲ್ಲಿ ಬಹಳ ವರ್ಷಗಳಿಂದ ಬಂದಿದೆ. ಮೊತ್ತವು ಸಾಲದೆಂದು ಒಡೆಯರು ಹೇಳುತ್ತ ಬಂದಿದ್ದಾರೆ. ಇದಕ್ಕೆ ಪರಿಹಾರವೆಂಬ ಹೆಸರೇ ನನಗೆ ಸರಿತೋರುವುದಿಲ್ಲ. ಹೊಲವನ್ನು ಗುತ್ತಿಗೆಗೆ ಕೊಟ್ಟವನಿಗೆ ಬರುವುದನ್ನು ಯಾರೂ ಪರಿಹಾರವೆನ್ನುವುದಿಲ್ಲ. ಇದೂ ಮರದ ಗುತ್ತಿಗೆಯ ಹಣವೇ ಸರಿ. ಹಾಗೆಂದ ಮೇಲೆ ಅದನ್ನು ಆ ಮರದ ಫಸಲಿನ ಪೇಟೆಯ ಧಾರಣೆಗೆ ಹೊಂದಿಸಿ ಗೊತ್ತುಮಾಡತಕ್ಕದ್ದು. ಹಣ್ಣು ಮಾರುವ ಕಾಲಕ್ಕೆ, ಅಂದರೆ ವ್ಯಾಪಾರಿಯು ಬಾಗಿಲಿಗೆ ಬರುವ ಮೊದಲೇ, ಒಡೆಯನ ಕೈಗೆ ಸೇರಿಸತಕ್ಕದ್ದು. ತಡವಾಗಿ ಬಂದ ಹಣವು ಎಷ್ಟೇ ಇರಲಿ, ಒಂದು ಕೊಂಬೆಯನ್ನೂ ಉಳಿಸಲಾರದು.

ಇದನ್ನು ಕೇಳುವ ಅಧಿಕಾರವು ಯಾರಿಗಿದೆ ಎಂದರೆ, ಮುಖಂಡರೇ, ತಮ್ಮಂತಹವರಿಗೇ ಇದೆ. 2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ವರ್ಗವಿದು. ಜನರು ತಾವಾಗಿಯೇ ಒಪ್ಪಿದ ಖಾಸಗಿ ಅಥವಾ ಸಮುದಾಯದ ಭೂಮಿಗೆ ಮಾತ್ರ ಇದು ಅನ್ವಯಿಸುತ್ತದೆ. ಒಡೆತನವು ಒಡೆಯನಲ್ಲಿಯೇ ಉಳಿಯುತ್ತದೆ. ಗ್ರಾಮ ಪಂಚಾಯಿತಿಯು ಹೆಸರಿಸಿದ ಐವರಿಗೆ ಕಡಮೆಯಿಲ್ಲದ ಪ್ರತಿನಿಧಿಗಳೂ ಇಲಾಖೆಯ ಒಬ್ಬರೂ ಕೂಡಿ ಆಡಳಿತ ಸಮಿತಿಯಾಗುವುದೆಂದು ಕಾಯಿದೆಯಲ್ಲಿ ಹೇಳಿದೆ. ಖಾಸಗಿ ಭೂಮಿಯಾದರೆ ಭೂಮಿಯ ಒಡೆಯನಿಗೇ ಸಮಿತಿಯಲ್ಲಿ ಸ್ಥಾನವಿರಬೇಕೆಂದು 2022ರ ತಿದ್ದುಪಡಿಯು ಸೇರಿಸಿತು. ಸಮಿತಿಯವರು ಆರಿಸಿದ ಅಧ್ಯಕ್ಷನೇ ಆ ಪ್ರದೇಶದ ಗೌರವ ವನ್ಯಜೀವಿ ಪಾಲಕನು. ಒಂದು ಕಟ್ಟೂ ಉಂಟು: ಭೂಮಿಯ ಬಳಕೆಯನ್ನು ಬದಲಿಸಬೇಕಾದರೆ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. ತಮ್ಮ ಊರಿನಲ್ಲಿಯೂ ಇಂತಹ ಮೀಸಲಿಗೆ ಒಪ್ಪುವ ಪ್ರಸಂಗ ಬಂದರೆ ಈ ಕಟ್ಟನ್ನು ಹಿಡುವಳಿದಾರರಿಗೆ ಮೊದಲೇ ಬಿಡಿಸಿ ಹೇಳಿ, ಮರದ ಹಣದ ವಿಷಯವನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಬಾಯಿಮಾತಿನ ಭರವಸೆ ಅಧಿಕಾರಿಯ ವರ್ಗಾವಣೆಯೊಡನೆ ಹೊರಟುಹೋಗುತ್ತದೆ.

ಇನ್ನು ಗೊಬ್ಬರದ ವಿಷಯ. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಹೇರಳವಾಗಿವೆ. ಬೆಳ್ಳೂರಿನ ರೈತರು ಮರದ ಬುಡದಲ್ಲಿ ಗುಂಡಿ ತೆಗೆದು, ಕೆರೆಯ ಗೋಡನ್ನು ಹರಡಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಕೂಡಿಸಿ ಹೊಲಕ್ಕೆ ಹಾಕುತ್ತಾರೆ. ಇದು ಬಹಳ ಯುಕ್ತವಾದ ಕ್ರಮ. ಬರಿಯ ನೆಲದ ಮೇಲೆ ಬಿಸಿಲಿಗೆ ಬಿದ್ದ ಹಿಕ್ಕೆಯ ಸಾರಜನಕವು ಆವಿಯಾಗಿ ಹೋಗುತ್ತದೆ. ಗೋಡುಮಣ್ಣು ಅದನ್ನು ಹಿಡಿದಿಡುತ್ತದೆ. ಗುಂಡಿಯನ್ನು ಬುಡಕ್ಕೆ ತೀರ ಹತ್ತಿರ ತೆಗೆದು ಬೇರು ಕಡಿಯಬಾರದು. ಕೆಲವು ದಿನಗಳಿಗೊಮ್ಮೆ ತೆಳುವಾಗಿ ಗೋಡನ್ನೋ ತರಗನ್ನೋ ಹಾಸಬೇಕು. ಮೊದಲ ದೊಡ್ಡ ಮಳೆಗೆ ಮುಂಚೆ ಎಲ್ಲವನ್ನೂ ತೆಗೆದು, ಕೊಟ್ಟಿಗೆಯ ಗೊಬ್ಬರದೊಡನೆ ಬೆರೆಸಿ ಕೊಳೆಯಲು ಬಿಡಬೇಕು. ಹಸಿಯ ಹಿಕ್ಕೆಯನ್ನು ನೇರವಾಗಿ ಪೈರಿಗೆ ಹಾಕಿದರೆ ಪೈರು ಸುಡುತ್ತದೆ. ಒಣಗಿದುದನ್ನು ಕೆರೆಯುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಕ್ಕಿಯ ಆಹಾರವು ತೈಲೂರು ಕೆರೆ ಮೊದಲಾದ ಸುತ್ತಣ ಕೆರೆಗಳಲ್ಲಿದೆ. ಆದುದರಿಂದ ಹೊಲಕ್ಕೆ ಹೊಡೆದ ಕೀಟನಾಶಕದ ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯುವುದು ಸರ್ವಥಾ ಕೂಡದು. 2017ರ ಕೊನೆಯಿಂದ ಹಲವು ಹೆಜ್ಜಾರ್ಲೆಗಳು ಸತ್ತಾಗ ಪರೀಕ್ಷಿಸಿದ ಪಶುವೈದ್ಯರಿಗೆ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದುವು. ಇಂತಹ ಹುಳು ಹಕ್ಕಿಗೆ ತಗಲುವುದು ಮೀನಿನ ಮೂಲಕ.

ಕಡೆಯದಾಗಿ ಹೊಸ ಮರಗಳನ್ನು ಕುರಿತು. ಹಕ್ಕಿಗೆ ಬೇಕಾದುದು ಎತ್ತರದ, ಹರಡಿದ ಹಳೆಯ ಮರ. ಒಡೆಯನಿಗೆ ಬೇಕಾದುದು ಬೇಗನೆ ಹಣ್ಣು ಬಿಡುವ ಮರ. ಎರಡನ್ನೂ ಒಂದೇ ಮರದಿಂದ ಬಯಸುವುದೇಕೆ? ಕಸಿಯ ಹುಣಿಸೆಯು ನಾಲ್ಕೈದು ವರ್ಷಗಳಲ್ಲಿ ಕಾಯಿ ಕಚ್ಚುತ್ತದೆ, ಬೀಜದ ಸಸಿಗೆ ಅದರ ಇಮ್ಮಡಿ ಕಾಲ ಹಿಡಿಯುತ್ತದೆ. ಊರಿನಿಂದ ದೂರದ ಹೊಲದ ಅಂಚಿನಲ್ಲಿ ಮೂವತ್ತು ಅಡಿಗೊಂದರಂತೆ, ಮೂರಡಿ ಗುಂಡಿಯಲ್ಲಿ, ಕಸಿಯ ಗಿಡಗಳನ್ನು ಮನೆಯ ಹಣ್ಣಿಗಾಗಿ ನೆಡಿರಿ. ಹಿತ್ತಿಲಿನ ಹಳೆಯ ಮರದ ಪಕ್ಕದಲ್ಲಿ ಬೀಜದ ಸಸಿಯೊಂದನ್ನು ಮುಂಗಾರಿನ ಮೊದಲಲ್ಲಿಯೇ ನೆಟ್ಟು, ಆಡುಗಳು ಮೇಯದಂತೆ ಎರಡು ಮೂರು ವರ್ಷ ಮುಳ್ಳಿನ ಬೇಲಿ ಕಟ್ಟಿರಿ.