ಇಲಿಬೇಟೆಯ ನಾಯಿ ಜಾಕ್ ರಸೆಲ್ ಟೆರಿಯರ್



ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕಂಡವರಿಗೆ ಅವುಗಳ ಮೇಲೆ ಅಚ್ಚಾಗಿದ್ದ ನಾಯಿಯ ಚಿತ್ರ ನೆನಪಿರಬಹುದು. ಕೊಳವೆಯ ಮುಂದೆ ಕುಳಿತು, ಕತ್ತು ಓರೆಮಾಡಿ ಧ್ವನಿ ಕೇಳುತ್ತಿರುವ ಸಣ್ಣ ಬಿಳಿ ನಾಯಿ ಅದು. ಅದರ ಹೆಸರು ನಿಪ್ಪರ್. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಈ ನಾಯಿ ಟೆರಿಯರ್ ಗುಂಪಿಗೆ ಸೇರಿದ್ದು. ಚಿತ್ರದಲ್ಲಿ ಸಾಧುವಾಗಿ ಕಂಡರೂ, ಮನೆಗೆ ಬಂದವರ ಕಾಲಿಗೆ ಬಾಯಿ ಹಾಕುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತಂತೆ. ಟೆರಿಯರ್ ನಾಯಿಯನ್ನು ರೂಪ ನೋಡಿ ತರುವ ಮೊದಲು ಅದರ ಹುಟ್ಟುಗುಣವನ್ನು ತಿಳಿದಿರಬೇಕು. ಇದಕ್ಕೆ ಜಾಕ್ ರಸೆಲ್ ತಳಿ ಒಳ್ಳೆಯ ಉದಾಹರಣೆ.

ಲ್ಯಾಟಿನ್ ಭಾಷೆಯಲ್ಲಿ 'ಟೆರ್ರಾ' ಎಂದರೆ ನೆಲ. ನೆಲದೊಳಗಿನ ಬಿಲಕ್ಕೆ ನುಗ್ಗಿ ಕೆಲಸ ಮಾಡುವ ನಾಯಿಗಳಿಗೆ ಇದರಿಂದಲೇ ಟೆರಿಯರ್ ಎಂಬ ಹೆಸರು ಬಂದಿದೆ. ಜಾನ್ ರಸೆಲ್ ಎಂಬ ಪಾದ್ರಿ 1795ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಜನಿಸಿದರು. ಜನ ಅವರನ್ನು ಜಾಕ್ ಎಂದು ಕರೆಯುತ್ತಿದ್ದರು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಅವರು ಹಾಲು ಮಾರುವವನೊಬ್ಬನಿಂದ 'ಟ್ರಂಪ್' ಎಂಬ ಹೆಣ್ಣುನಾಯಿಯನ್ನು ಕೊಂಡರು. ಮೈಯೆಲ್ಲ ಬಿಳುಪು; ಕಣ್ಣು, ಕಿವಿಗಳ ಮೇಲೆ ಕಂದು ಮಚ್ಚೆ; ಬಾಲದ ಬುಡದಲ್ಲಿ ಕಾಸಿನಗಲದ ಒಂದು ಚುಕ್ಕೆ. ಈ ತಳಿಯ ಮೂಲ ಇದೇ ನಾಯಿ ಎನ್ನುತ್ತಾರೆ.

ಆಗ ನರಿಬೇಟೆ ಅಲ್ಲಿ ದೊಡ್ಡ ವಿನೋದವಾಗಿತ್ತು. ನರಿ ಬಿಲ ಸೇರಿದರೆ ಟೆರಿಯರ್ ಒಳನುಗ್ಗಿ, ಬೊಗಳಿ, ಅದನ್ನು ಹೊರಡಿಸಬೇಕಿತ್ತು. ಕೊಲ್ಲುವುದು ಅದರ ಕೆಲಸವಲ್ಲ. ನರಿಯೆಂದು ಭ್ರಮಿಸಿ ಬೇಟೆನಾಯಿಗಳು ಮೇಲೆ ಬೀಳದಿರಲಿ ಎಂದೇ ಬಿಳಿ ಬಣ್ಣವನ್ನು ಆರಿಸಿದರು. ಎದೆ ಬಿಲದಲ್ಲಿ ಹಿಡಿಸುವಷ್ಟಿರಬೇಕು. ಆದ್ದರಿಂದ ಮುಂಗಾಲುಗಳ ಹಿಂದೆ ಎರಡೂ ಕೈಗಳಿಂದ ಹಿಡಿದು ಅಳೆಯುವ ವಾಡಿಕೆ ಇಂದಿಗೂ ಇದೆ. ಬೇಸಾಯಗಾರರಿಗೂ ಈ ನಾಯಿ ಬೇಕಾಯಿತು. ಬಣವೆ ಕಿತ್ತು ಒಕ್ಕಣೆ ಮಾಡುವಾಗ ಹೊರಬೀಳುವ ಇಲಿಗಳನ್ನು ಟೆರಿಯರ್ ಕಚ್ಚಿ, ಒಮ್ಮೆ ಒದರಿ ಕೊಂದು, ಮುಂದಿನದರ ಮೇಲೆ ಎರಗುತ್ತಿತ್ತು.

ರಸೆಲ್ 1883ರಲ್ಲಿ ತೀರಿಕೊಂಡರು. ಆ ಬಳಿಕವೂ ಸಾಕುವವರು ನೋಟಕ್ಕಿಂತ ಕೆಲಸಕ್ಕೆ ಬೆಲೆ ಕೊಟ್ಟು ತಳಿಯನ್ನು ಉಳಿಸಿದರು. ಬ್ರಿಟನ್ನಿನ ಕೆನಲ್ ಕ್ಲಬ್ ಜಾಕ್ ರಸೆಲ್ ಹೆಸರಿನ ತಳಿಯನ್ನು ಅಂಗೀಕರಿಸಿದ್ದು 2016ರಲ್ಲಿ. ಎತ್ತರ 25ರಿಂದ 30 ಸೆಂ.ಮೀ., ತೂಕ ಸುಮಾರು 5ರಿಂದ 6 ಕಿ.ಗ್ರಾಂ. ಉದ್ದ ಕಾಲಿನ 'ಪಾರ್ಸನ್ ರಸೆಲ್' ಬೇರೊಂದು ತಳಿ.

ಕೆಲಸಕ್ಕೆಂದು ಬೆಳೆಸಿದ ನಾಯಿ ಕೆಲಸವಿಲ್ಲದೆ ಸುಮ್ಮನಿರದು. ದಿನವಿಡೀ ಸರಪಳಿಯಲ್ಲಿ ಕಟ್ಟಿದರೆ ಬೊಗಳಿ ಬೊಗಳಿ ಸಿಡುಕಾಗುತ್ತದೆ. ಬಿಟ್ಟರೆ ಅಂಗಳ ಅಗೆಯುತ್ತದೆ, ಕೋಳಿ, ಬೆಕ್ಕುಗಳನ್ನು ಅಟ್ಟುತ್ತದೆ. ದಿನಕ್ಕೆ ಕನಿಷ್ಠ ಒಂದು ಗಂಟೆ ಓಡಾಟ ಬೇಕು. ಮರಿಯಿದ್ದಾಗಲೇ ಕರೆದರೆ ಬರುವುದನ್ನು ಕಲಿಸಬೇಕು. ಎಳೆಯ ಮಕ್ಕಳೊಡನೆ ಒಂಟಿಯಾಗಿ ಬಿಡಬಾರದು. ಹೊಲದ ಇಲಿಬಿಲಗಳಲ್ಲಿ ಹಾವು ಸೇರಿಕೊಂಡಿರುವುದುಂಟು. ಹೆದರಿಕೆಯಿಲ್ಲದ ಈ ನಾಯಿ ಅಲ್ಲಿಗೂ ಮೂಗು ತೂರಿಸುತ್ತದೆ. ನರಿಬೇಟೆಗೆ ಇದನ್ನು ಬಳಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಭಾರತದಲ್ಲಿ ಅದು ಅಪರಾಧ.

ಬೆಳೆದ ನಾಯಿಗೆ ದಿನಕ್ಕೆ ಎರಡು ಬಾರಿ, ಮರಿಗೆ ಮೂರು ನಾಲ್ಕು ಬಾರಿ ಆಹಾರ ಕೊಡಬೇಕು. ಅನ್ನ ಅಥವಾ ಮುದ್ದೆಯ ಜೊತೆಗೆ ಬೇಯಿಸಿದ ಮೊಟ್ಟೆ ಇಲ್ಲವೆ ಮಾಂಸ ಇರಲಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೂಡದು. ಉಣ್ಣೆಗಳಿಂದ ಜ್ವರ ಹರಡುವುದರಿಂದ ಕಿವಿ ಮತ್ತು ಬೆರಳ ಸಂದುಗಳನ್ನು ಆಗಾಗ ನೋಡಬೇಕು.

ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಲಸಿಕೆ ಆರಂಭಿಸಬೇಕು. ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರನೆಯ ತಿಂಗಳಲ್ಲಿ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮತ್ತೆ ಹಾಕಿಸಬೇಕು. ಇಲಿ ಹಿಡಿಯುವ ನಾಯಿಗೆ ಇಲಿಜ್ವರದ ಲಸಿಕೆಯೂ ಅಗತ್ಯ. ಈ ರೋಗ ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗಲುತ್ತದೆ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ನೀರಿನಲ್ಲಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಇಲಿ ಹಿಡಿಯುವ ನಾಯಿ ಮತ್ತು ಇಲಿಪಾಷಾಣ ಒಂದೇ ಮನೆಯಲ್ಲಿ ಇರಬಾರದು. ಜಿಂಕ್ ಫಾಸ್ಫೈಡ್ ಹೊಟ್ಟೆ ಸೇರಿದರೆ ವಿಷದ ಅನಿಲ ಹುಟ್ಟುತ್ತದೆ; ಇದಕ್ಕೆ ಪ್ರತಿವಿಷವಿಲ್ಲ. ನಾಯಿ ವಾಂತಿ ಮಾಡಿದರೆ ಅದರ ಹತ್ತಿರ ಮುಖ ಒಯ್ಯಬಾರದು. ಆ ಅನಿಲ ಮನುಷ್ಯರಿಗೂ ವಿಷ. ಬ್ರೋಮಡಯೋಲೋನ್ ಬೆರೆಸಿದ ತಿಂಡಿಯನ್ನೋ ಅದನ್ನು ತಿಂದ ಇಲಿಯನ್ನೋ ನಾಯಿ ತಿಂದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಲಕ್ಷಣಗಳು ಕೆಲವು ದಿನಗಳ ನಂತರ ತೋರುವುದರಿಂದ ಅವುಗಳಿಗಾಗಿ ಕಾಯದೆ, ಪಾಷಾಣದ ಪೊಟ್ಟಣದೊಡನೆ ನಾಯಿಯನ್ನು ಪಶುವೈದ್ಯರ ಬಳಿಗೆ ಒಯ್ಯಬೇಕು. ಸಕಾಲದಲ್ಲಿ ವಿಟಮಿನ್ ಕೆ-1 ಕೊಟ್ಟರೆ ಬದುಕಿಸಬಹುದು.

ಮರಿ ಕೊಳ್ಳುವಾಗ ತಾಯಿಯನ್ನು ನೋಡಬೇಕು. ಎಂಟು ವಾರವಾಗದ ಮರಿ ಬೇಡ. ಈ ತಳಿಯಲ್ಲಿ ಕಣ್ಣಿನ ಮಸೂರ ಜಾರುವ ರೋಗ ಮತ್ತು ಹುಟ್ಟುಕಿವುಡು ವಂಶದಲ್ಲಿ ಬರುವುದುಂಟು. ಹಿಂದಿನಿಂದ ಚಪ್ಪಾಳೆ ತಟ್ಟಿದರೆ ಮರಿ ತಿರುಗುವುದೇ ಎಂದು ಪರೀಕ್ಷಿಸಬಹುದು.

ಆರೈಕೆ ಸರಿಯಾಗಿದ್ದರೆ ಈ ನಾಯಿ ಹನ್ನೆರಡು ವರ್ಷಕ್ಕೂ ಮೀರಿ ಬಾಳುತ್ತದೆ. ಅಷ್ಟು ಕಾಲವೂ ಓಡಾಟ, ಕೆಲಸ, ಗಮನ ಕೊಡಬಲ್ಲವರು ಮಾತ್ರ ಇದನ್ನು ತರಬೇಕು. ಬರೀ ಕಾವಲಿಗೆ ನಾಯಿ ಬೇಕಾದವರಿಗೆ, ಲಸಿಕೆ ಹಾಕಿಸಿದ ಊರ ನಾಯಿಯೇ ಸಾಕು.