ಗುರುಮುಖವಿಲ್ಲದ ಗ್ರಂಥಾವಲೋಕನ

 

ಹೇಳಿಕೊಡುವವರಿಲ್ಲದೆ ಶೂನ್ಯಸಂಪಾದನೆಯನ್ನು ಓದಬಹುದೇ ಎಂದು ಭಕ್ತರು ಮೇಲಿಂದ ಮೇಲೆ ಕೇಳುವರು. ಪೂರ್ವದಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ಗ್ರಂಥವು ತಾಳೆಗರಿಯ ಕಟ್ಟಾಗಿ ಮಠದಲ್ಲಿಯೋ ಭಕ್ತರ ಜಗಲಿಯ ಮೇಲೆಯೋ ಪೂಜೆಗೊಳ್ಳುತ್ತಿದ್ದಿತು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. 1993ರಲ್ಲಿ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಹೀಗೆ ಗ್ರಂಥವು ಮನೆಗೆ ಬಂದಿತು. ಬಿಡಿಸಿ ಹೇಳುವವರು ಅದರೊಡನೆ ಬರಲಿಲ್ಲ.

ಓದಬಹುದೆಂಬುದೇ ನನ್ನ ಅಭಿಪ್ರಾಯ. ದೀಕ್ಷೆಯು ಗುರುವಿನಿಂದಲೇ ಆಗತಕ್ಕದ್ದು; ಅದರಲ್ಲಿ ಸಂದೇಹವಿಲ್ಲ. ಆದರೆ ಪ್ರಭುದೇವರ ಕಥೆಯನ್ನು ನೆನೆಯಿರಿ. ಸಮಾಧಿಸ್ಥನಾದ ಅನಿಮಿಷನ ಕರದಿಂದ ಅವರಿಗೆ ಲಿಂಗವು ದೊರೆಯಿತು. ಆ ಕ್ಷಣವೇ ಗುರುವಿನ ಪ್ರಾಣವು ಹೋಯಿತು. ಶಾಸ್ತ್ರವನ್ನು ಕೇಳಿ ತಿಳಿಯಲು ಅವಕಾಶವೆಲ್ಲಿದ್ದಿತು? ನಾವು ಪ್ರಭುದೇವರಲ್ಲವೆಂಬುದೂ ನಿಜವೇ.

ಒಬ್ಬನೇ ಓದುವವನಿಗೆ ಅರ್ಥವಾಗದಿರುವುದು ಅಪಾಯವಲ್ಲ. ಬೇಗನೆ ಅರ್ಥವಾಗಿಬಿಡುವುದೇ ಅಪಾಯ. ಬೆಡಗಿನ ವಚನದಲ್ಲಿ ಕೋತಿ ಬಂದೊಡನೆ ‘ಇದು ಮನಸ್ಸು’ ಎಂದು ಬಗೆದು ಪುಟ ಮಗುಚುವೆವು. ಅಲ್ಲವೆಂದು ತಡೆಯುವವರು ಎದುರಿಗಿಲ್ಲ. ಹಿಂದಿನವರು ಬರೆದ ಟೀಕೆಗಳು ಉಪಕಾರಕವೇ; ಆದರೆ ಮೊದಲೇ ಟೀಕೆಯನ್ನು ತೆರೆದವನಿಗೆ ವಚನವು ಬಿಡಿಸಿದ ಒಗಟಾಗಿ ಉಳಿಯುವುದು. ನಾಲ್ಕು ದಿನ ಮೂಲದೊಡನೆ ಇದ್ದು ಬಳಿಕ ಟೀಕೆಗೆ ಹೋಗತಕ್ಕದ್ದು.

ಇನ್ನೊಂದು ಮಾತು. ಶೂನ್ಯಸಂಪಾದನೆಯು ಬಿಡಿವಚನಗಳ ರಾಶಿಯಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನೂ ಅವನ ತರುವಾಯ ಗೂಳೂರ ಸಿದ್ಧವೀರಣ್ಣೊಡೆಯನೇ ಮೊದಲಾದವರೂ ಅದನ್ನು ಸಂವಾದವಾಗಿ ಹೆಣೆದರು. ಆದುದರಿಂದ ಒಂದು ವಚನವನ್ನು ಕಿತ್ತು ಓದದೆ, ಯಾರ ಯಾವ ಮಾತಿಗೆ ಅದು ಉತ್ತರವೆಂದು ನೋಡಬೇಕು. ಗುರುವು ಸಮೀಪದಲ್ಲಿಲ್ಲದವನು ಕೇಳುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಲಿ.

ಮುಕ್ತಾಯಕ್ಕನ ಪ್ರಸಂಗದಿಂದ ಆರಂಭಿಸಿರಿ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನು ಲಿಂಗೈಕ್ಯನಾಗಿದ್ದಾನೆ, ಆಕೆ ಶೋಕಿಸುತ್ತಿದ್ದಾಳೆ. ಸಂತೈಸಬಂದವರು ಸಾಕ್ಷಾತ್ ಅಲ್ಲಮಪ್ರಭುಗಳು. ಆದರೂ ಆಕೆ ತಟ್ಟನೆ ತಲೆಬಾಗುವುದಿಲ್ಲ. ಅರಿವು ನೆಲೆಗೊಂಡವರಿಗೆ ಮಾತಿನ ಹಂಗೇಕೆಂದು ಅವರನ್ನೇ ಕೇಳುವಳು. ಪ್ರಭುಗಳು ಸಿಟ್ಟಾಗದೆ ಉತ್ತರವೀಯುವರು; ಆಕೆ ಮತ್ತೆ ಕೇಳುವಳು. ಗುರುವನ್ನು ಕಳೆದುಕೊಂಡವಳ ಈ ಹಟವನ್ನು ಗ್ರಂಥಕರ್ತರು ಅಳಿಸಿಹಾಕಲಿಲ್ಲ, ಆದರದಿಂದ ಉಳಿಸಿಕೊಂಡರು. ಉತ್ತರವನ್ನು ಓದುವ ಮುನ್ನ ಆಕೆಯ ಪ್ರಶ್ನೆಯಲ್ಲಿ ಒಂದು ರಾತ್ರಿ ನಿಲ್ಲಿರಿ.

ತಿಳಿಯದ ಕಡೆ ಅಂಚಿನಲ್ಲಿ ಗುರುತು ಹಾಕಿರಿ. ತಿಳಿಯಿತೆಂದು ತೋರಿದ ಕಡೆಯೂ ಹಾಕಿರಿ. ಮುಂದಿನ ಜಾತ್ರೆಗೆ ಬರುವಾಗ ಆ ಪುಸ್ತಕವನ್ನು ತಪ್ಪದೆ ತನ್ನಿರಿ. ಪ್ರಸಾದವಾದ ಮೇಲೆ ನಾಲ್ವರು ಕೂಡಿ ನೋಡೋಣ.