ಗಲ್ಫ್ ಗಳಿಕೆಯೂ ತೆರಿಗೆಯ ಲೆಕ್ಕವೂ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಭಟ್ಕಳ, ಮಂಗಳೂರಿನ ಅನೇಕ ಕುಟುಂಬಗಳಿಗೆ ಊರಿನಲ್ಲಿ ಮನೆ, ದುಬೈಯಲ್ಲಿ ವ್ಯಾಪಾರ. "ಅಲ್ಲಿ ತೆರಿಗೆಯೇ ಇಲ್ಲ" ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಸಂಬಳಕ್ಕೆ ತೆರಿಗೆ ಇಲ್ಲ. ಆದರೆ 2023ರ ಜೂನ್‌ನಿಂದ ಕಂಪನಿಗಳ ಲಾಭ 3,75,000 ದಿರ್ಹಮ್ ದಾಟಿದರೆ ಸಾಮಾನ್ಯವಾಗಿ ಶೇ. 9 ತೆರಿಗೆ ಇದೆ.

ಊರಿಗೆ ಮರಳಿ ನೆಲೆಸಿದವರು ಇನ್ನೂ ಎಚ್ಚರವಾಗಿರಬೇಕು. ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ ರಿಯಾಯಿತಿ ಇರುತ್ತದೆ. ಆಮೇಲೆ ಅಲ್ಲಿನ ಬಾಡಿಗೆ, ಬಡ್ಡಿಯೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಅಲ್ಲಿನ ಖಾತೆ, ಆಸ್ತಿಯನ್ನು ರಿಟರ್ನ್‌ನಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಮರುಭೂಮಿಯಲ್ಲಿ ಬೆವರು ಸುರಿಸಿ ಗಳಿಸಿದ ಹಣಕ್ಕೆ, ಕೇವಲ ತಿಳಿಯದೆ, ಕಪ್ಪುಹಣವೆಂಬ ಹೆಸರು ಬರಬೇಕೇ?

ದೊಡ್ಡ ವ್ಯಾಪಾರಿಗಳು ಸಲಹೆಗಾರರನ್ನು ಇಟ್ಟುಕೊಳ್ಳುತ್ತಾರೆ. ಉಳಿದವರು ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಸ್ನೇಹಿತರನ್ನು ಕೇಳುತ್ತಾರೆ. ವಿದ್ಯಾರ್ಥಿಗಳೇ, ಡಾಕ್ಟರ್, ಎಂಜಿನಿಯರ್ ಆಗುವ ಆಸೆ ಒಳ್ಳೆಯದೇ. ನಿಮ್ಮಲ್ಲಿ ಕೆಲವರಾದರೂ ವಾಣಿಜ್ಯ ಓದಿ ಚಾರ್ಟರ್ಡ್ ಅಕೌಂಟೆಂಟ್ ಆಗಿರಿ. ಅಲ್ಲಿಯವರೆಗೆ ನಿಮ್ಮ ತಂದೆಯ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ, ಅವರು ಊರಿನಲ್ಲಿದ್ದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತೆರಿಗೆಯ ಲೆಕ್ಕ ಶುರುವಾಗುವುದೇ ಆ ದಿನಗಳಿಂದ.